ಕನ್ನಡಿ ಎಷ್ಟು ಬಾಗಿತು? ಮಾನಿಟರ್ ಮತ್ತು ಕ್ಯಾಮೆರಾ ಇಟ್ಟುಕೊಂಡು ಅಳೆಯುವ ಬಗೆ

ಲೇಸರ್ ಸ್ಕ್ಯಾನರ್ ಗೋಡೆಯನ್ನು ಅಳೆಯುತ್ತದೆ, ಮರದ ಗೊಂಬೆಯನ್ನೂ ಅಳೆಯುತ್ತದೆ. ಕನ್ನಡಿ ಎದುರಾದರೆ ಮಾತ್ರ ಕೈಚೆಲ್ಲುತ್ತದೆ. ಗೋಡೆಯ ಮೇಲೆ ಬಿದ್ದ ಬೆಳಕು ಎಲ್ಲ ಕಡೆಗೂ ಚದುರುತ್ತದೆ, ಅದರಲ್ಲಿ ಒಂದಿಷ್ಟು ಕ್ಯಾಮೆರಾಕ್ಕೂ ಸಿಗುತ್ತದೆ. ಕನ್ನಡಿಯ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಹೋಗುತ್ತದೆ. ಆ ದಿಕ್ಕಿನಲ್ಲಿ ಕ್ಯಾಮೆರಾ ಇಟ್ಟರೂ ಕಾಣುವುದು ಕನ್ನಡಿಯಲ್ಲ, ಅದರೊಳಗಿನ ಬಿಂಬ.

ಹಾಗಾದರೆ ಬಿಂಬವನ್ನೇ ಅಳೆಯೋಣ. ಕಂಪ್ಯೂಟರ್ ಪರದೆಯ ಮೇಲೆ ಪಟ್ಟೆಗಳನ್ನು ತೋರಿಸಿ, ಅವು ಕನ್ನಡಿಯೊಳಗೆ ಎಲ್ಲೆಲ್ಲಿ ಸರಿದು ಕಾಣುತ್ತವೆ ಎಂದು ನೋಡಿ, ಆ ಸರಿತದಿಂದ ಕನ್ನಡಿಯ ಪ್ರತಿ ಬಿಂದುವಿನ ಇಳಿಜಾರನ್ನು ಲೆಕ್ಕ ಹಾಕುವುದು. ಇದಕ್ಕೆ ಡಿಫ್ಲೆಕ್ಟೊಮೆಟ್ರಿ ಎಂದು ಹೆಸರು. ಕಾರಿನ ಪೇಂಟ್ ಹೊಳಪಿನಲ್ಲಿ ಅಲೆ ಇದೆಯೇ ಎಂದು ನೋಡಲು ಇದನ್ನೇ ಬಳಸುತ್ತಾರೆ. ಸೌರ ಸ್ಥಾವರದ ದೊಡ್ಡ ಕನ್ನಡಿಗಳ ತಪಾಸಣೆಗೂ ಇದೇ. ಜೈಂಟ್ ಮೆಗಲನ್ ದೂರದರ್ಶಕಕ್ಕಾಗಿ ತಯಾರಾದ 8.4 ಮೀಟರ್ ಕನ್ನಡಿಗಳನ್ನು ಅರಿಝೋನಾ ವಿಶ್ವವಿದ್ಯಾಲಯದವರು ಪರೀಕ್ಷಿಸಿದ ವಿಧಾನಗಳಲ್ಲೂ ಇದೊಂದು. ಒಳಗಿನ ತತ್ವ ಮನೆಯ ಮೇಜಿನ ಮೇಲೆ ಮಾಡುವುದಕ್ಕಿಂತ ಬೇರೆಯೇನಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೇಖನ ಕನ್ನಡಿಯ ಆಕಾರ ಅಳೆಯುವುದರ ಬಗ್ಗೆ ಅಲ್ಲ, ಆಕಾರ ಎಷ್ಟು ಬದಲಾಯಿತು ಎಂದು ಅಳೆಯುವುದರ ಬಗ್ಗೆ. ಎರಡರ ನಡುವೆ ಅಜಗಜಾಂತರ ಇದೆ. ಹಬಲ್ ದೂರದರ್ಶಕದ ಕಥೆ ಗೊತ್ತಲ್ವಾ? ಅದರ ಮುಖ್ಯ ಕನ್ನಡಿಯನ್ನು ಬಹಳ ನಿಖರವಾಗಿಯೇ ಉಜ್ಜಿದ್ದರು. ಆದರೆ ಪರೀಕ್ಷೆಗೆ ಬಳಸಿದ ಉಪಕರಣದೊಳಗೆ ಒಂದು ಲೆನ್ಸ್ 1.3 ಮಿ.ಮೀ. ಆಚೆ ಕೂತಿತ್ತು. ಹಾಗಾಗಿ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು ಜಾಸ್ತಿ ಚಪ್ಪಟೆಯಾಯಿತು (ಮೈಕ್ರಾನ್ ಎಂದರೆ ಒಂದು ಮಿ.ಮೀ.ನ ಸಾವಿರದ ಒಂದು ಭಾಗ). 1990ರಲ್ಲಿ ಹಾರಿದ ಮೇಲೆ ವಿಷಯ ಗೊತ್ತಾಯಿತು, 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿದರು. ಪೂರ್ತಿ ಆಕಾರ ಅಳೆಯಲು ಹೊರಟರೆ ಉಪಕರಣದ ತಪ್ಪೆಲ್ಲ ಉತ್ತರದೊಳಗೆ ಬಂದು ಕೂರುತ್ತದೆ. ಬದಲಾವಣೆಯನ್ನು ಮಾತ್ರ ಅಳೆದರೆ ಅದೇ ತಪ್ಪು ಮೊದಲಿನ ಅಳತೆಯಲ್ಲೂ ಇರುತ್ತದೆ, ನಂತರದ್ದರಲ್ಲೂ ಇರುತ್ತದೆ. ಕಳೆದಾಗ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಷರತ್ತು ಒಂದೇ: ಎರಡು ಅಳತೆಗಳ ನಡುವೆ ಬೇರೆ ಯಾವುದೂ ಬದಲಾಗಬಾರದು. ಮುಂದೆ ಹೇಳುವ ಮುಕ್ಕಾಲು ಪಾಲು ಎಚ್ಚರಿಕೆಗಳು ಈ ಷರತ್ತಿಗಾಗಿಯೇ ಇವೆ.

ಮೊದಲು ಲೆಕ್ಕ

ಕನ್ನಡಿ ಒಂದು ಡಿಗ್ರಿ ತಿರುಗಿದರೆ ಅದರಿಂದ ಹೊರಟ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ದೂರ ಹೋದಷ್ಟೂ ಆ ತಿರುವು ದೊಡ್ಡದಾಗಿ ಕಾಣುತ್ತದೆ. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ಕೇಬಲ್‌ನಲ್ಲಿ ಬರುತ್ತಿದ್ದ ಅತಿ ಕ್ಷೀಣವಾದ ಕರೆಂಟನ್ನು ವಿಲಿಯಂ ಥಾಮ್ಸನ್ ಪುಟ್ಟ ಕನ್ನಡಿಯ ಗ್ಯಾಲ್ವನೋಮೀಟರ್‌ನಿಂದ ಹಿಡಿದದ್ದು ಇದೇ ಉಪಾಯದಿಂದ.

24 ಇಂಚಿನ ಮಾನಿಟರ್, 1920 ಪಿಕ್ಸೆಲ್ ಅಗಲ ಎಂದುಕೊಳ್ಳಿ. ಒಂದು ಪಿಕ್ಸೆಲ್ ಸುಮಾರು 0.277 ಮಿ.ಮೀ. ಪಟ್ಟೆಯಿಂದ ಪಟ್ಟೆಗೆ 32 ಪಿಕ್ಸೆಲ್ ಇಟ್ಟರೆ ಅದು 8.9 ಮಿ.ಮೀ. ಆಗುತ್ತದೆ. ಸಾಧಾರಣ ಕ್ಯಾಮೆರಾದಿಂದಲೂ ಪಟ್ಟೆಯ ನೂರನೇ ಒಂದು ಭಾಗದ ಸರಿತ ಹಿಡಿಯಬಹುದು. ಅಂದರೆ ಪರದೆಯ ಮೇಲೆ 0.09 ಮಿ.ಮೀ. ಪರದೆ ಒಂದು ಮೀಟರ್ ದೂರದಲ್ಲಿದ್ದರೆ ಇಳಿಜಾರು 0.09 ಭಾಗಿಸು 2000 (1000 ಮಿ.ಮೀ. ದೂರ ಗುಣಿಸು ಎರಡು), ಸುಮಾರು 45 ಮೈಕ್ರೋರೇಡಿಯನ್, ಅಂದರೆ ಒಂದು ಮೀಟರ್ ಉದ್ದಕ್ಕೆ 45 ಮೈಕ್ರಾನ್ ಏರು. ಇಷ್ಟು ವಾಲಿದ ಮೇಲ್ಮೈ 50 ಮಿ.ಮೀ. ಉದ್ದಕ್ಕೆ ಏರುವುದು 2 ಮೈಕ್ರಾನ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ನಮ್ಮ ತಲೆಗೂದಲಿನ ದಪ್ಪ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹತ್ತಾರು ಚಿತ್ರ ತೆಗೆದು ಸರಾಸರಿ ಮಾಡಿದರೆ ಇನ್ನೂ ಕೆಳಗಿಳಿಯಬಹುದು.

ಆ ಎರಡು ಎಂಬ ಅಂಕಿ, ಅಂದರೆ ಎರಡರಿಂದ ಭಾಗಿಸುವುದು, ಮರೆಯಬೇಡಿ. ಮರೆತರೆ ಉತ್ತರ ಸರಿಯಾಗಿ ದುಪ್ಪಟ್ಟು ಬರುತ್ತದೆ, ನೋಡಲು ಏನೂ ತಪ್ಪು ಕಾಣುವುದಿಲ್ಲ.

ಯಾವ ಕನ್ನಡಿ?

ಗೋಡೆಯ ಕನ್ನಡಿ ಬೇಡ. ಅದರ ಬೆಳ್ಳಿ ಲೇಪ ಗಾಜಿನ ಹಿಂದೆ ಇರುತ್ತದೆ. ಗಾಜಿನ ಮುಂಭಾಗ ಒಂದು ಬಿಂಬ ಕೊಡುತ್ತದೆ, ಲೇಪ ಇನ್ನೊಂದು ಕೊಡುತ್ತದೆ, ಎರಡೂ ಸೇರಿ ಲೆಕ್ಕ ಕೆಡುತ್ತದೆ. ಮುಂಭಾಗವೇ ಹೊಳೆಯುವ ವಸ್ತು ಬೇಕು. ಸಸ್ತಾದಲ್ಲಿ ಸಿಗುವ ಅತ್ಯುತ್ತಮ ವಸ್ತು ಎಂದರೆ ಕೆಟ್ಟುಹೋದ ಹಾರ್ಡ್ ಡಿಸ್ಕ್‌ನೊಳಗಿನ ತಟ್ಟೆ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಯಲ್ಲಿ ಹಳೆಯ ಡಿಸ್ಕ್‌ಗೆ ಬರವಿಲ್ಲ.

ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕ್ ಆರಿಸಿ. ಅದರ ತಟ್ಟೆ 95 ಮಿ.ಮೀ. ಅಗಲ, ನಡುವೆ 25 ಮಿ.ಮೀ. ತೂತು, ಹೆಚ್ಚಾಗಿ ಅಲ್ಯೂಮಿನಿಯಂ. ಲ್ಯಾಪ್‌ಟಾಪ್‌ನ 2.5 ಇಂಚಿನದರಲ್ಲಿ ಸಾಮಾನ್ಯವಾಗಿ ಗಾಜಿನ ತಟ್ಟೆ ಇರುತ್ತದೆ. ಬಗ್ಗಿಸಲು ಹೋದರೆ ಸಿಡಿದು ಚೂರುಚೂರಾಗುತ್ತದೆ. ಹಳೆಯ ಕೆಲವು ಡೆಸ್ಕ್‌ಟಾಪ್ ಡಿಸ್ಕ್‌ಗಳಲ್ಲೂ ಗಾಜು ಬಳಸಿದ್ದುಂಟು. ಆದ್ದರಿಂದ ಬಿಚ್ಚುವಾಗ ಕಣ್ಣಿಗೆ ಕನ್ನಡಕ ಇರಲಿ. ಮುಚ್ಚಳಕ್ಕೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಬೇಕು. ಒಂದು ಸ್ಕ್ರೂ ಲೇಬಲ್ ಕೆಳಗೆ ಅಡಗಿರುತ್ತದೆ, ಅದನ್ನು ಬಿಟ್ಟು ಎಷ್ಟು ಎಳೆದರೂ ಮುಚ್ಚಳ ಬರುವುದಿಲ್ಲ. ಒಳಗಿನ ಆಯಸ್ಕಾಂತಗಳು ಬೆರಳು ಚಿವುಟುವಷ್ಟು ಜೋರಾಗಿವೆ. ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಎರಡು ಮೂರು ತಟ್ಟೆ ಇರುವ ಡಿಸ್ಕ್ ಸಿಕ್ಕರೆ ಅದೃಷ್ಟ: ನಡುವೆ ಇಟ್ಟ ಲೋಹದ ಉಂಗುರಗಳೂ ನಮಗೆ ಕೆಲಸಕ್ಕೆ ಬರುತ್ತವೆ.

ಕೂರಿಸುವುದು

18 ಮಿ.ಮೀ. ಪ್ಲೈವುಡ್ ಹಲಗೆ ತೆಗೆದುಕೊಳ್ಳಿ. ತೆಳುವಾದದ್ದು ತಾನೇ ಬಾಗುತ್ತದೆ. ತಟ್ಟೆಯ ಹಿಂದೊಂದು ಉಂಗುರ, ಮುಂದೊಂದು ಉಂಗುರ ಅಥವಾ ದೊಡ್ಡ ವಾಷರ್ ಇಟ್ಟು, ನಡುವಿನ ತೂತಿನಿಂದ ಬೋಲ್ಟ್ ಹಾಕಿ ಹಲಗೆಗೆ ಬಿಗಿಯಿರಿ. ಈಗ ನಡು ಭದ್ರ, ಅಂಚು ಹಲಗೆಯಿಂದ ಸ್ವಲ್ಪ ದೂರದಲ್ಲಿ ಮುಕ್ತವಾಗಿದೆ. ಒಂದು ಕಡೆ ಅಂಚಿನ ಹಿಂದೆ ಹಲಗೆಯಲ್ಲಿ ಎಂ4 ನಟ್ ಕೂರಿಸಿ, ಹಿಂದಿನಿಂದ ಎಂ4 ಬೋಲ್ಟ್ ತಿರುಗಿಸಿ ತನ್ನಿ. ತುದಿಯನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿ. ಬೋಲ್ಟ್‌ನ ತಲೆಗೆ ಉದ್ದನೆಯ ಕಡ್ಡಿಯೊಂದನ್ನು ಅಂಟಿಸಿ, ಪಕ್ಕದಲ್ಲಿ ಕೋನಮಾಪಕದ ಚಿತ್ರ ಮೆತ್ತಿ. ಎಂ4 ಬೋಲ್ಟ್ ಒಂದು ಸುತ್ತಿಗೆ 0.7 ಮಿ.ಮೀ. ಮುಂದೆ ಹೋಗುತ್ತದೆ. ಹತ್ತು ಡಿಗ್ರಿಗೆ 19 ಮೈಕ್ರಾನ್. ನಾವು ಕೊಡುವ ಬಾಗು ಎಷ್ಟು ಎಂದು ನಮಗೆ ಮೊದಲೇ ಗೊತ್ತಿರುವುದರಿಂದ, ಬಂದ ಉತ್ತರವನ್ನು ತಾಳೆ ನೋಡಬಹುದು. ತಾಳೆ ನೋಡಲಾಗದ ಅಳತೆಯಿಂದ ಬಣ್ಣದ ಚಿತ್ರ ಸಿಗುತ್ತದೆ, ನಂಬಿಕೆ ಸಿಗುವುದಿಲ್ಲ.

ಹಲಗೆಯನ್ನು ನಿಲ್ಲಿಸುವ ಅಡಿಪಟ್ಟಿಗೆ ಮೂರು ಕಾಲು ಕೊಡಿ, ಮುಂದೆ ಎರಡು, 200 ಮಿ.ಮೀ. ಹಿಂದೆ ಒಂದು. ಹಿಂದಿನದೂ ಎಂ4 ಬೋಲ್ಟೇ ಆಗಿರಲಿ. ಏಕೆ ಎಂದು ಮುಂದೆ ಗೊತ್ತಾಗುತ್ತದೆ.

ಮಾನಿಟರ್ ಒಂದು ಮೀಟರ್ ದೂರದಲ್ಲಿ ತಟ್ಟೆಗೆ ಮುಖ ಮಾಡಿರಲಿ. ಕ್ಯಾಮೆರಾ ಮಾನಿಟರ್‌ನ ಅಂಚಿಗೆ ಒತ್ತಿಕೊಂಡು, ಅಷ್ಟೇ ದೂರದಲ್ಲಿ ಟ್ರೈಪಾಡ್ ಮೇಲಿರಲಿ. ತಟ್ಟೆ ಚಪ್ಪಟೆಯಾಗಿರುವುದರಿಂದ ಪೂರ್ತಿ ತುಂಬಲು ಪರದೆಯಲ್ಲಿ ಅದರ ದುಪ್ಪಟ್ಟು ಜಾಗ ಸಾಕು, 190 ಮಿ.ಮೀ. ಹಲಗೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಕ್ಯಾಮೆರಾದಲ್ಲಿ ತಟ್ಟೆಯ ತುಂಬ ಪರದೆಯ ಬಿಂಬ ಬರುವಂತೆ ಮಾಡಿ. ಕ್ಯಾಮೆರಾ ಮತ್ತು ಪರದೆಯ ನಡುವಿನ ಕೋನ ಕಡಿಮೆ ಇದ್ದಷ್ಟೂ ಲೆಕ್ಕ ಸುಲಭ.

ಕ್ಯಾಮೆರಾ

ಫೋಕಸ್ ಎಲ್ಲಿ ಮಾಡಬೇಕು? ಪಟ್ಟೆಗಳು ಚೆನ್ನಾಗಿ ಕಾಣಲಿ ಎಂದು ಬಿಂಬಕ್ಕೆ ಫೋಕಸ್ ಮಾಡುವ ಆಸೆ ಬರುತ್ತದೆ. ಬೇಡ. ತಟ್ಟೆಯ ಮೇಲ್ಮೈಗೇ ಫೋಕಸ್ ಮಾಡಿ. ಅಂಚಿನಲ್ಲಿ ಸಣ್ಣ ಕಾಗದದ ಚೂರು ಅಂಟಿಸಿ ಅದನ್ನು ಸ್ಪಷ್ಟ ಮಾಡಿಕೊಂಡರೆ ಆಯಿತು. ನಮಗೆ ಬೇಕಾದದ್ದು ತಟ್ಟೆಯ ಯಾವ ಬಿಂದು ಎಷ್ಟು ವಾಲಿದೆ ಎಂಬುದು. ಪಟ್ಟೆ ಮಸುಕಾದರೆ ನಷ್ಟವಿಲ್ಲ, ಯಾಕೆಂದರೆ ಸೈನ್ ಅಲೆಯ ಪಟ್ಟೆ ಮಸುಕಾದರೂ ಸೈನ್ ಅಲೆಯಾಗಿಯೇ ಉಳಿಯುತ್ತದೆ. ಕಪ್ಪು ಬಿಳುಪಿನ ಅಂತರ ಕಡಿಮೆಯಾಗುತ್ತದೆ ಅಷ್ಟೆ. ಪರದೆಯ ಪಿಕ್ಸೆಲ್ ಜಾಲರಿ ಕೂಡ ಈ ಮಸುಕಿನಲ್ಲೇ ಕರಗಿಹೋಗುತ್ತದೆ, ಅದು ಲಾಭ. ಅಂತರ ತೀರಾ ಕಡಿಮೆಯಾದರೆ ಪಟ್ಟೆಯನ್ನು 32ರಿಂದ 64 ಪಿಕ್ಸೆಲ್‌ಗೆ ಅಗಲ ಮಾಡಿ, ಇಲ್ಲವೇ ಎಫ್ 8, ಎಫ್ 11ರಂತೆ ಅಪರ್ಚರ್ ಕಿರಿದು ಮಾಡಿ.

ಫೋಕಸ್, ಎಕ್ಸ್‌ಪೋಷರ್, ಐಎಸ್ಒ, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ. ಲೆನ್ಸ್ ಅಲುಗಿಸಿ ಚಿತ್ರ ಸ್ಥಿರ ಮಾಡುವ ಸ್ಟೆಬಿಲೈಸೇಷನ್ ಖಂಡಿತ ಆಫ್ ಆಗಿರಬೇಕು. ಮೊಬೈಲ್‌ನಲ್ಲಿ ಮಾಡುವುದಾದರೆ ಎಚ್‌ಡಿಆರ್ ಆಫ್, ರಾ ಚಿತ್ರ (ಕ್ಯಾಮೆರಾ ತಿದ್ದದೆ ಕೊಡುವ ಚಿತ್ರ) ಆನ್. ಮೊಬೈಲ್ ತನ್ನಷ್ಟಕ್ಕೆ ಚಿತ್ರವನ್ನು ಚೆಂದ ಮಾಡುತ್ತದಲ್ಲ, ಅದೇ ಇಲ್ಲಿ ಶತ್ರು. ಗುಂಡಿ ಒತ್ತಲು ಟೈಮರ್ ಅಥವಾ ರಿಮೋಟ್ ಬಳಸಿ.

ಎಕ್ಸ್‌ಪೋಷರ್ ಕಾಲು ಸೆಕೆಂಡಿನಷ್ಟು ಉದ್ದವಿರಲಿ. ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಮೂಡುತ್ತದೆ, ಚಿಕ್ಕ ಎಕ್ಸ್‌ಪೋಷರ್‌ನಲ್ಲಿ ಆ ಮಿನುಗು ಸಿಕ್ಕಿಬೀಳುತ್ತದೆ. ಎಷ್ಟೋ ಮಾನಿಟರ್‌ಗಳು ಬ್ರೈಟ್‌ನೆಸ್ ಕಡಿಮೆ ಮಾಡಲು ಹಿಂಬದಿಯ ದೀಪವನ್ನು ಬೇಗಬೇಗ ಆರಿಸಿ ಹತ್ತಿಸುತ್ತವೆ. ಅದಕ್ಕೇ ಬ್ರೈಟ್‌ನೆಸ್ ಪೂರ್ತಿ ಇಟ್ಟು, ಬೆಳಕು ಜಾಸ್ತಿಯಾದರೆ ಕ್ಯಾಮೆರಾದಲ್ಲಿ ತಗ್ಗಿಸಿ. ನೈಟ್ ಮೋಡ್, ಆಟೊ ಕಾಂಟ್ರಾಸ್ಟ್ ಎಲ್ಲ ಬಂದ್. ಮಾನಿಟರ್ ಅರ್ಧ ಗಂಟೆ ಉರಿದು ಬೆಚ್ಚಗಾದ ಮೇಲೆ ಶುರು ಮಾಡಿ. ಕೋಣೆಯ ದೀಪ ಆರಿಸಿ. ಸೀಲಿಂಗ್ ಫ್ಯಾನನ್ನೂ ಆರಿಸಬೇಕು, ಏಪ್ರಿಲ್ ತಿಂಗಳಾದರೂ ಸರಿ.

ಪಟ್ಟೆಗಳು

ಪೈಥಾನ್‌ನಲ್ಲಿ ನಂಪೈ ಎಂಬ ಲೆಕ್ಕದ ಲೈಬ್ರರಿ ಇದ್ದರೆ ಹತ್ತು ಸಾಲಿನ ಕೆಲಸ. ಪ್ರತಿ ಪಿಕ್ಸೆಲ್‌ನ ಹೊಳಪು = 128 + 100 × ಕೊಸೈನ್ (2 × ಪೈ × ಪಿಕ್ಸೆಲ್ ಸಂಖ್ಯೆ ÷ 32 + ಜರುಗು). ಜರುಗು 0, 90, 180, 270 ಡಿಗ್ರಿ ಎಂದು ನಾಲ್ಕು ಚಿತ್ರ, ಅಂದರೆ ಪ್ರತಿ ಸಲವೂ ಪಟ್ಟೆ ತನ್ನ ಅಗಲದ ಕಾಲು ಭಾಗ ಸರಿದಿರುತ್ತದೆ. ನಿಂತ ಪಟ್ಟೆಗೆ ನಾಲ್ಕು, ಮಲಗಿದ ಪಟ್ಟೆಗೆ ನಾಲ್ಕು. ಒಂದು ಸ್ಥಿತಿಗೆ ಒಟ್ಟು ಎಂಟು ಚಿತ್ರ. ಪರದೆಯ ಮೂಲ ರೆಸಲ್ಯೂಷನ್‌ನಲ್ಲೇ, ಪೂರ್ತಿ ಪರದೆಗೆ ತೋರಿಸಿ. ಹಿಗ್ಗಿಸುವುದು ಕುಗ್ಗಿಸುವುದು ನಡುವೆ ಬರಬಾರದು.

ಇಲ್ಲೊಂದು ಕೊಕ್ಕೆ ಇದೆ, ಗಾಮಾ. ಪರದೆಗೆ 128 ಕೊಟ್ಟರೆ 255ರ ಅರ್ಧ ಬೆಳಕು ಬರುವುದಿಲ್ಲ, ಸುಮಾರು ಐದನೇ ಒಂದು ಭಾಗ ಬರುತ್ತದೆ. ಅಂದರೆ ನೀವು ಕೊಟ್ಟ ಸೈನ್ ಅಲೆ ಪರದೆಯಲ್ಲಿ ಸೈನ್ ಆಗಿರುವುದಿಲ್ಲ. ರಾ ಚಿತ್ರ ತೆಗೆಯುವುದಾದರೆ ಮೊದಲೇ ತಿದ್ದಿ: ಬೇಕಾದ ಬೆಳಕನ್ನು 0ಯಿಂದ 1ರ ಅಳತೆಯಲ್ಲಿ ಬರೆದುಕೊಂಡು, ಅದನ್ನು 1 ÷ 2.2ರ ಘಾತಕ್ಕೇರಿಸಿ, 255ರಿಂದ ಗುಣಿಸಿ. ಜೆಪೆಗ್ ತೆಗೆಯುವುದಾದರೆ ಕ್ಯಾಮೆರಾ ತಾನೇ ಹೆಚ್ಚುಕಡಿಮೆ ಉಲ್ಟಾ ತಿದ್ದುಪಡಿ ಮಾಡಿರುತ್ತದೆ, ಸುಮ್ನೆ ಬಿಡಿ. ಇನ್ನೂ ಅನುಮಾನವಿದ್ದರೆ ನಾಲ್ಕರ ಬದಲು 45 ಡಿಗ್ರಿಗೊಂದರಂತೆ ಎಂಟು ಜರುಗು ಬಳಸಿ. ಆಗ ಅಲೆಯ ಸೊಟ್ಟತನದ ಹೆಚ್ಚಿನ ಪಾಲು ಲೆಕ್ಕದಲ್ಲಿ ತಾನಾಗಿ ಕಳಚಿಕೊಳ್ಳುತ್ತದೆ.

ನಾಲ್ಕು ಚಿತ್ರಗಳನ್ನು ಚಿ1, ಚಿ2, ಚಿ3, ಚಿ4 ಎನ್ನೋಣ. ಪ್ರತಿ ಪಿಕ್ಸೆಲ್‌ಗೆ, ಫೇಸ್ = ಆರ್ಕ್‌ಟ್ಯಾನ್2 (ಚಿ4 − ಚಿ2, ಚಿ1 − ಚಿ3). ಆ ಪಿಕ್ಸೆಲ್ ಪಟ್ಟೆಯ ಯಾವ ಜಾಗವನ್ನು ನೋಡುತ್ತಿದೆ ಎಂಬುದು ಇದರಿಂದ ಸಿಗುತ್ತದೆ. ತಟ್ಟೆಯ ಮೇಲಿನ ಧೂಳು, ಹೊಳಪಿನ ಏರುಪೇರು ಯಾವುದೂ ಇದನ್ನು ಅಷ್ಟಾಗಿ ಕೆಡಿಸುವುದಿಲ್ಲ, ಯಾಕೆಂದರೆ ಅವು ನಾಲ್ಕೂ ಚಿತ್ರದಲ್ಲಿ ಒಂದೇ ಥರ ಇರುತ್ತವೆ. ಆ ಎರಡು ವ್ಯತ್ಯಾಸಗಳ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಪಟ್ಟೆಯ ಗಟ್ಟಿತನ ಬರುತ್ತದೆ. ಅದು ತೀರಾ ಕಡಿಮೆ ಇರುವ ಪಿಕ್ಸೆಲ್‌ಗಳನ್ನು ಬಿಟ್ಟುಬಿಡಿ. ಹಲಗೆ, ಬೋಲ್ಟ್, ಕಾಗದದ ಚೂರು ಎಲ್ಲ ಹೀಗೆ ತಾವಾಗಿಯೇ ಹೊರಬೀಳುತ್ತವೆ.

ಏನೂ ಮಾಡದೆ ಅಳೆಯಿರಿ

ಈಗ ಬೋಲ್ಟ್ ತಿರುಗಿಸಲು ಕೈ ತುರಿಸುತ್ತದೆ. ತಡೆಯಿರಿ. ಏನನ್ನೂ ಮುಟ್ಟದೆ ಎರಡು ಸಲ ಎಂಟೆಂಟು ಚಿತ್ರ ತೆಗೆಯಿರಿ. ಎರಡರ ಫೇಸ್ ಕಳೆಯಿರಿ. ಸೊನ್ನೆ ಬರಬೇಕು. ಬರುವುದಿಲ್ಲ. ಬಂದಷ್ಟು ನಿಮ್ಮ ಸಲಕರಣೆಯ ಮಿತಿ, ಅದಕ್ಕಿಂತ ಸಣ್ಣ ಬಾಗನ್ನು ಇದರಿಂದ ಅಳೆಯಲಾಗದು. ಪೂರ್ತಿ ತಟ್ಟೆ ಒಂದೇ ಕಡೆ ವಾಲಿದಂತೆ ಕಂಡರೆ ಟ್ರೈಪಾಡ್ ಅಥವಾ ಮೇಜು ಕುಸಿಯುತ್ತಿದೆ. ಮೋಡದಂಥ ಅಲೆಗಳು ಕಂಡರೆ ಗಾಳಿ. ಪಟ್ಟೆಯ ಲಯದಲ್ಲೇ ನವಿರಾದ ಗೆರೆಗಳು ಕಂಡರೆ ಗಾಮಾ ಇಲ್ಲವೇ ಮಿನುಗು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ತೆಗೆದು ನೋಡಿ. ಮಿತಿ ಬೆಳೆದಿದ್ದರೆ ಯಾವುದೋ ಒಂದು ಇನ್ನೂ ಬಿಸಿಯಾಗುತ್ತಲೋ ತಣಿಯುತ್ತಲೋ ಇದೆ. ಇಡೀ ಕೆಲಸದಲ್ಲಿ ಒಂದು ಸಂಜೆ ಖರ್ಚು ಮಾಡಬೇಕಾದ ಜಾಗ ಇದೊಂದೇ.

ಆಮೇಲೆ ಅಡಿಪಟ್ಟಿಯ ಹಿಂದಿನ ಬೋಲ್ಟನ್ನು ಕಾಲು ಸುತ್ತು ತಿರುಗಿಸಿ. ಹಲಗೆ 0.175 ಭಾಗಿಸು 200, ಅಂದರೆ 0.87 ಮಿಲಿರೇಡಿಯನ್ (ಸುಮಾರು 870 ಮೈಕ್ರೋರೇಡಿಯನ್) ವಾಲಬೇಕು. ತಟ್ಟೆ ಬಾಗಿಲ್ಲ, ವಾಲಿದೆ ಅಷ್ಟೆ. ಹಾಗಾಗಿ ಎಲ್ಲ ಪಿಕ್ಸೆಲ್‌ನಲ್ಲೂ ಒಂದೇ ಉತ್ತರ, ಮಲಗಿದ ಪಟ್ಟೆಯಲ್ಲಿ ಐದನೇ ಒಂದು ಭಾಗದಷ್ಟು ಸರಿತ ಬರಬೇಕು. ದುಪ್ಪಟ್ಟೋ ಅರ್ಧವೋ ಬಂದರೆ ಆ ಎರಡು ಎಂಬ ಅಂಕಿ ಎಲ್ಲೋ ತಪ್ಪಿದೆ.

ಬಾಗಿಸಿ ಅಳೆಯುವುದು

ಅಂಚಿನ ಬೋಲ್ಟ್ ತಟ್ಟೆಗೆ ಮೆಲ್ಲಗೆ ತಾಗಿದ ಮೇಲೂ ಇನ್ನೊಂಚೂರು ಒತ್ತಿಟ್ಟು ಮೊದಲ ಕಂತು, ಅಂದರೆ ಎಂಟು ಚಿತ್ರ, ತೆಗೆಯಿರಿ. ಬರೀ ತಾಗಿದ ಸ್ಥಿತಿಯಿಂದ ಶುರು ಮಾಡಿದರೆ ಬೋಲ್ಟ್ ಥ್ರೆಡ್ಡಿನ ಸಡಿಲವೂ ಲೆಕ್ಕಕ್ಕೆ ಸೇರುತ್ತದೆ. ಹತ್ತು ಡಿಗ್ರಿ ತಿರುಗಿಸಿ, ನಿಮ್ಮ ಮೈಯ ಬಿಸಿ ಆರಲು ಕೆಲವು ನಿಮಿಷ ದೂರ ಹೋಗಿ, ಎರಡನೇ ಕಂತು ತೆಗೆಯಿರಿ. ಆಮೇಲೆ ಹತ್ತು ಡಿಗ್ರಿಗಿಂತ ಜಾಸ್ತಿ ಹಿಂದೆ ಬಂದು, ಮತ್ತೆ ಮುಂದಕ್ಕೆ ತಿರುಗಿಸಿಯೇ ಮೊದಲ ಗುರುತಿಗೆ ತಂದು ಮೂರನೇ ಕಂತು. ಮೂರನೆಯದು ಮೊದಲಿನದಕ್ಕೆ ಹೊಂದಬೇಕು. ಹೊಂದದಿದ್ದರೆ ಎಲ್ಲೋ ಏನೋ ಜಾರಿದೆ.

ಎರಡು ಕಂತುಗಳ ಫೇಸ್ ವ್ಯತ್ಯಾಸವನ್ನು ಮೈನಸ್ 180ರಿಂದ ಪ್ಲಸ್ 180 ಡಿಗ್ರಿಯೊಳಗೆ ಸುತ್ತಿಸಿ ಬರೆಯಿರಿ. ಬದಲಾವಣೆ ಮಾತ್ರ ಅಳೆಯುವುದರ ಇನ್ನೊಂದು ಲಾಭ ಇಲ್ಲಿದೆ. ಸರಿತ ಅರ್ಧ ಪಟ್ಟೆಗಿಂತ ಕಡಿಮೆ ಇರುವ ತನಕ ಇದು ಎಷ್ಟನೇ ಪಟ್ಟೆ ಎಂದು ಎಣಿಸುವ ತಲೆನೋವೇ ಇಲ್ಲ. ನಮ್ಮ ಅಳತೆಗಳಿಗೆ ಆ ಮಿತಿ 2.2 ಮಿಲಿರೇಡಿಯನ್. ಹತ್ತು ಡಿಗ್ರಿಯ ಒತ್ತು ಅದರೊಳಗೇ ಇರುತ್ತದೆ. ದಾಟಿದರೆ ಉತ್ತರದಲ್ಲಿ ಇದ್ದಕ್ಕಿದ್ದಂತೆ ಬಿರುಕಿನಂಥ ಗೆರೆ ಕಾಣುತ್ತದೆ, ಪಟ್ಟೆ ಅಗಲ ಮಾಡಿ.

ಇಳಿಜಾರಿನ ಬದಲಾವಣೆ = ಫೇಸ್ ವ್ಯತ್ಯಾಸ (ರೇಡಿಯನ್‌ನಲ್ಲಿ) × ಪಟ್ಟೆಯ ಅಗಲ ÷ (4 × ಪೈ × ದೂರ). ನಿಂತ ಪಟ್ಟೆಯಿಂದ ಅಡ್ಡ ಇಳಿಜಾರು, ಮಲಗಿದ ಪಟ್ಟೆಯಿಂದ ಉದ್ದ ಇಳಿಜಾರು. ತಟ್ಟೆ 95 ಮಿ.ಮೀ. ಎಂದು ಗೊತ್ತಲ್ಲ, ಚಿತ್ರದಲ್ಲಿ ಅದು ಎಷ್ಟು ಪಿಕ್ಸೆಲ್ ಇದೆ ಎಂದು ಎಣಿಸಿದರೆ ಪಿಕ್ಸೆಲ್‌ಗೆ ಎಷ್ಟು ಮಿ.ಮೀ. ಎಂಬುದೂ ಸಿಕ್ಕಿತು.

ಇಳಿಜಾರಿನಿಂದ ಎತ್ತರಕ್ಕೆ ಬರುವುದು ಕೊನೆಯ ಕೆಲಸ. ಫೂರಿಯೆ ವಿಧಾನಗಳು ಚೌಕ ಚಿತ್ರಕ್ಕೆ ಚೆನ್ನ. ನಮ್ಮದು ದುಂಡಗಿದೆ, ನಡುವೆ ತೂತು ಬೇರೆ. ನನ್ನ ಸಲಹೆ ಬಹುಪದಿ. ಎತ್ತರವನ್ನು ಅಡ್ಡ ಮತ್ತು ಉದ್ದ ಅಳತೆಗಳ ಆರನೇ ಘಾತದವರೆಗಿನ ಬಹುಪದಿ ಎಂದುಕೊಂಡು, ಅದರ ಎರಡೂ ದಿಕ್ಕಿನ ಅವಕಲನ ನಿಮ್ಮ ಇಳಿಜಾರಿಗೆ ಹೊಂದುವಂತೆ ನಂಪೈಯ ಲೀಸ್ಟ್ ಸ್ಕ್ವೇರ್‌ಗೆ ಕೊಡಿ. 27 ಗುಣಾಂಕ ಬರುತ್ತವೆ. ಸ್ಥಿರಾಂಕ ಸಿಗುವುದಿಲ್ಲ, ತಟ್ಟೆ ಪೂರ್ತಿಯಾಗಿ ಹಿಂದೆ ಮುಂದೆ ಹೋದದ್ದನ್ನು ಈ ವಿಧಾನ ಕಾಣಲಾರದು. ವಾಲಿಕೆಯನ್ನೂ ಪೂರ್ತಿ ನಂಬುವಂತಿಲ್ಲ, ಹಲಗೆ ವಾಲಿದ್ದಕ್ಕೂ ತಟ್ಟೆ ವಾಲಿದ್ದಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಆದ್ದರಿಂದ ನಡುವಿನ ಉಂಗುರದ ಸುತ್ತಲ ಜಾಗವನ್ನು ಅಲುಗದ ನೆಲೆ ಎಂದು ಹಿಡಿದು, ಅಲ್ಲಿನ ಎತ್ತರ ಮತ್ತು ವಾಲಿಕೆಯನ್ನು ಎಲ್ಲ ಕಡೆಯಿಂದ ಕಳೆಯಿರಿ.

ಬೋಲ್ಟ್ ಇರುವ ಅಂಚಿನಲ್ಲಿ 19 ಮೈಕ್ರಾನ್ ಹತ್ತಿರದ ಅಂಕಿ ಬರಬೇಕು. ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಬೋಲ್ಟ್ ತಳ್ಳಿದಾಗ ಹಲಗೆಯೂ ಒಂದಿಷ್ಟು ಹಿಂದೆ ಸರಿದಿರುತ್ತದೆ. ಜಾಸ್ತಿ ಬಂದರೆ ಮಾತ್ರ ಅನುಮಾನ ಪಡಿ. ದೂರ, ಪಟ್ಟೆಯ ಅಗಲ, ಪಿಕ್ಸೆಲ್ ಅಳತೆ ಮೂರನ್ನೂ ಮತ್ತೆ ನೋಡಿ.

ಇಲ್ಲಿಂದ ಮುಂದೆ

ಸಿಲಿಕಾನ್ ವೇಫರ್ (ಚಿಪ್ ತಯಾರಿಸಲು ಬಳಸುವ ಹೊಳೆಯುವ ತೆಳು ತಟ್ಟೆ) ಸಿಕ್ಕರೆ ಇದೇ ಸಲಕರಣೆ ಪ್ರಯೋಗಶಾಲೆಯ ಕೆಲಸವನ್ನೇ ಮಾಡುತ್ತದೆ. ವೇಫರ್ ಮೇಲೆ ತೆಳು ಲೇಪ ಹಾಕಿದಾಗ ಆ ಲೇಪದ ಬಿಗಿತ ಅದನ್ನು ಬಾಗಿಸುತ್ತದೆ. ಲೇಪಕ್ಕೆ ಮೊದಲು ಮತ್ತು ನಂತರ ಅಳೆದ ಬಾಗಿನಿಂದ ಬಿಗಿತ ಲೆಕ್ಕ ಹಾಕುವ ಸೂತ್ರವನ್ನು ಎಂಜಿನಿಯರ್ ಸ್ಟೋನಿ 1909ರಲ್ಲೇ ಕೊಟ್ಟರು, ಇವತ್ತಿಗೂ ಅದೇ ಬಳಕೆಯಲ್ಲಿದೆ.

ಹವ್ಯಾಸಿ ದೂರದರ್ಶಕದ ತಗ್ಗು (ನಿಮ್ನ) ಕನ್ನಡಿ ನಿಮ್ಮಲ್ಲಿದ್ದರೆ ಕ್ಯಾಮೆರಾ ಮತ್ತು ಪರದೆ ಎರಡನ್ನೂ ಅದರ ವಕ್ರತಾ ಕೇಂದ್ರದ ಹತ್ತಿರ, ಅಂದರೆ ನಾಭಿದೂರದ ಎರಡರಷ್ಟು ದೂರದಲ್ಲಿ ಇಡಿ. ಆಗ ಪರದೆಯ ಒಂದು ಪುಟ್ಟ ಚೌಕವೇ ಇಡೀ ಕನ್ನಡಿಯನ್ನು ತುಂಬುತ್ತದೆ. ದೂರ ಜಾಸ್ತಿಯಾದ್ದರಿಂದ ಸೂಕ್ಷ್ಮತೆಯೂ ಹೆಚ್ಚುತ್ತದೆ. ಮೊದಲ ಕಂತು ತೆಗೆದು, ಕನ್ನಡಿಯ ಹಿಂಬದಿಗೆ ಒಂದು ನಿಮಿಷ ಅಂಗೈ ಒತ್ತಿ, ಕೈ ತೆಗೆದು ಎರಡು ನಿಮಿಷಕ್ಕೊಂದರಂತೆ ಕಂತುಗಳನ್ನು ತೆಗೆಯುತ್ತಾ ಹೋಗಿ. ಸಾಧಾರಣ ಗಾಜು ಬಿಸಿಗೆ ಹಿಗ್ಗುವುದು ಬೋರೋಸಿಲಿಕೇಟ್ ಗಾಜಿನ ಎರಡೂವರೆ ಮೂರು ಪಟ್ಟು. ಎರಡೂ ಬಗೆಯ ಕನ್ನಡಿ ಸಿಕ್ಕರೆ ವ್ಯತ್ಯಾಸ ಚಿತ್ರದಲ್ಲೇ ಕಾಣುತ್ತದೆ. ತಮಿಳುನಾಡಿನ ಕಾವಲೂರಿನ 2.34 ಮೀಟರ್ ವೇಣು ಬಾಪು ದೂರದರ್ಶಕದ ಕನ್ನಡಿಯನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಉಜ್ಜಿ ತಯಾರಿಸಿದಾಗ ಬಳಸಿದ್ದು ಝೆರೊಡ್ಯೂರ್ ಎಂಬ ಗಾಜು-ಸೆರಾಮಿಕ್. ಬಿಸಿಗೆ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ನಮ್ಮ ಮೇಜಿನ ಸಲಕರಣೆಗೆ ಅದರ ಮೇಲೆ ಕೈಯ ಗುರುತೇ ಸಿಗುವುದಿಲ್ಲ.